ಕಚ್ಚಿಕೊಂಡ ನಟ್ಟು: ಸ್ಟಡ್ ಮುರಿಯದಂತೆ ಬಿಚ್ಚುವುದು ಹೇಗೆ?

ಪ್ರಶ್ನೆ: ನನ್ನ ಬೈಕಿಗೆ ಹದಿಮೂರು ವರ್ಷ. ಸೈಲೆನ್ಸರಿನ ಬೆಂಡ್ ಪೈಪ್ ಎಂಜಿನ್ನಿಗೆ ಸೇರುವ ಜಾಗದಲ್ಲಿ ಹೊಗೆ ಸೋರುತ್ತಿದೆ. ಗ್ಯಾಸ್ಕೆಟ್ ಬದಲಿಸೋಣವೆಂದು ಮನೆಯಲ್ಲೇ ಕೆಲಸಕ್ಕೆ ಕೂತೆ. ಅಲ್ಲಿರುವ ಎರಡು ನಟ್ಟುಗಳಲ್ಲಿ ಒಂದು ಸಲೀಸಾಗಿ ಬಂತು, ಇನ್ನೊಂದು ಜಪ್ಪಯ್ಯ ಎಂದರೂ ಅಲುಗುತ್ತಿಲ್ಲ. ಡಬ್ಲ್ಯೂಡಿ-40 ಸಿಂಪಡಿಸಿ ಅರ್ಧ ಗಂಟೆ ಕಾದೆ. ಸ್ಪ್ಯಾನರ್ ಎರಡು ಸಲ ಜಾರಿ ನಟ್ಟಿನ ಮೂಲೆಗಳು ಸವೆದಿವೆ. ಸ್ಪ್ಯಾನರಿಗೆ ಕಬ್ಬಿಣದ ಪೈಪ್ ಸಿಕ್ಕಿಸಿ ಎಳೆದರೆ ಬಂದೇ ಬರುತ್ತದೆ ಎಂದು ಒಬ್ಬ ಗೆಳೆಯ, ಬೆಂಕಿ ಹಿಡಿ ಎಂದು ಇನ್ನೊಬ್ಬ. ಯಾರ ಮಾತು ಕೇಳಲಿ?

ಉತ್ತರ: ಪೈಪನ್ನು ಮೊದಲು ದೂರ ಇಡಿ. ಬೆಂಕಿಯ ಮಾತು ಆಮೇಲೆ ಬರುತ್ತದೆ. ಸ್ಪ್ಯಾನರ್ ಎರಡನೆಯ ಸಲ ಜಾರಿದಾಗ ನೀವು ಕೈ ನಿಲ್ಲಿಸಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಕೆಡದೆ ಉಳಿಯಿತು. ಮೂರನೆಯ ಸಲ ಜಾರಿದ್ದರೆ ಮೂಲೆಗಳು ಪೂರ್ತಿ ದುಂಡಾಗಿ, ನಾನು ಮುಂದೆ ಹೇಳುವ ಉಪಾಯಗಳಲ್ಲಿ ಅರ್ಧಕ್ಕರ್ಧ ಕೈಬಿಟ್ಟು ಹೋಗುತ್ತಿದ್ದವು.

ನಿಮ್ಮ ಎದುರಿಗಿರುವ ಜೋಡಣೆಯನ್ನು ಸರಿಯಾಗಿ ನೋಡಿ. ಎಂಜಿನ್ನಿನ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ ಎರಕದ್ದು. ಅದರೊಳಗೆ ಉಕ್ಕಿನ ಸ್ಟಡ್, ಅಂದರೆ ಎರಡೂ ತುದಿಗೆ ಥ್ರೆಡ್ ಇರುವ ತಲೆಯಿಲ್ಲದ ಕಡ್ಡಿ, ತಿರುಗಿಸಿ ಕೂರಿಸಿದ್ದಾರೆ. ಸ್ಟಡ್ಡಿನ ಹೊರತುದಿಗೆ ನಟ್ಟು. ಆ ನಟ್ಟು ಹಾಳಾದರೆ ಇನ್ನೊಂದನ್ನು ಹಾಕಬಹುದು. ಸ್ಟಡ್ ಮುರಿದು ತುಂಡು ಹೆಡ್ಡಿನೊಳಗೆ ಉಳಿದರೆ, ಹದಿನೈದು ನಿಮಿಷದ ಗ್ಯಾಸ್ಕೆಟ್ ಕೆಲಸ ಹೆಡ್ಡನ್ನೇ ಬಿಚ್ಚಿ ಇಳಿಸುವ ಕೆಲಸವಾಗಿಬಿಡಬಹುದು. ಆದ್ದರಿಂದ ನಾನು ಇಲ್ಲಿ ಹೇಳುವುದೆಲ್ಲವೂ ಒಂದೇ ಲೆಕ್ಕದ ಮೇಲೆ ನಿಂತಿದೆ: ನಟ್ಟು ಹೋದರೂ ಚಿಂತೆಯಿಲ್ಲ, ಸ್ಟಡ್ ಉಳಿಯಬೇಕು. ನಿಮ್ಮ ಗೆಳೆಯರಿಬ್ಬರೂ ನಟ್ಟನ್ನು ನೋಡುತ್ತಿದ್ದಾರೆ. ನೀವು ಸ್ಟಡ್ಡನ್ನು ನೋಡಿ.

ಇಷ್ಟು ಗಟ್ಟಿಯಾಗಿ ಅದನ್ನು ಹಿಡಿದಿರುವುದು ಏನು ಎಂದು ಅರ್ಥವಾದರೆ ಕೈ ತಾನಾಗಿಯೇ ನಿಧಾನವಾಗುತ್ತದೆ. ಹೊಸ ನಟ್ಟನ್ನು ಬಿಗಿಯುವಾಗಲೂ ನಾವು ಹಾಕುವ ಶ್ರಮದ ಬಹುಪಾಲು ಘರ್ಷಣೆಗೇ ಹೋಗುತ್ತದೆ. ಸ್ಥೂಲವಾಗಿ ಅರ್ಧದಷ್ಟು ನಟ್ಟಿನ ತಳದ ಉಜ್ಜಾಟಕ್ಕೆ, ಶೇಕಡ 40ರಷ್ಟು ಥ್ರೆಡ್ಡುಗಳ ಉಜ್ಜಾಟಕ್ಕೆ. ಉಳಿದ ಶೇಕಡ 10 ಮಾತ್ರ ಸ್ಟಡ್ಡನ್ನು ಹಿಗ್ಗಿಸಿ ಜೋಡಣೆಯನ್ನು ಬಿಗಿಹಿಡಿಯುತ್ತದೆ. ಇನ್ನು ತುಕ್ಕು ಸೇರಿದರೆ? ಕಬ್ಬಿಣ ತುಕ್ಕಾದಾಗ ಮೊದಲಿದ್ದ ಜಾಗದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್ಡುಗಳ ನಡುವಿನ ಕೂದಲೆಳೆಯ ಸಂದಿಯಲ್ಲಿ ಆ ಜಾಗ ಎಲ್ಲಿಂದ ಬರಬೇಕು? ತುಕ್ಕು ಅಲ್ಲೇ ಒತ್ತಿಕೊಂಡು, ಬೆಣೆ ಹೊಡೆದ ಹಾಗೆ ಕೂತುಬಿಡುತ್ತದೆ. ಸೈಲೆನ್ಸರಿನ ನಟ್ಟಿಗಂತೂ ದಿನವೂ ಕಾಯುವುದು, ಆರುವುದು, ಮುಂದಿನ ಚಕ್ರದಿಂದ ಎರಚುವ ನೀರು, ಕೆಸರು ಎಲ್ಲವೂ ಉಂಟು. ಬೈಕಿನ ಬೇರೆ ಯಾವ ನಟ್ಟಿಗೂ ಇಷ್ಟು ಕಷ್ಟವಿಲ್ಲ.

ಅಂದರೆ ನೀವು ಮಾಡಬೇಕಾದದ್ದು ಎರಡು ಬೇರೆ ಬೇರೆ ಕೆಲಸ: ಮೊದಲು ತುಕ್ಕಿನ ಹಿಡಿತವನ್ನು ಒಡೆಯುವುದು, ಆಮೇಲೆ ನಟ್ಟನ್ನು ತಿರುಗಿಸುವುದು. ಪೈಪ್ ಹಾಕಿ ಎಳೆಯುವವರು ಎರಡನ್ನೂ ಒಂದೇ ಏಟಿಗೆ ಮಾಡಲು ಹೋಗುತ್ತಾರೆ, ಸ್ಟಡ್ ಮುರಿಯುವುದು ಅಲ್ಲಿಯೇ.

ಆ ಪೈಪಿನ ಲೆಕ್ಕವನ್ನೂ ಮಾಡಿಬಿಡೋಣ. 13 ಮಿ.ಮೀ. ಸ್ಪ್ಯಾನರಿನ ಉದ್ದ ಸುಮಾರು 17 ಸೆಂ.ಮೀ. ಅದರ ತುದಿಯನ್ನು 15 ಕಿಲೋ ಭಾರದಷ್ಟು ಬಲದಿಂದ ಎಳೆದರೆ ನಟ್ಟಿಗೆ ತಲುಪುವ ತಿರುಚುಬಲ 25 ನ್ಯೂಟನ್ ಮೀಟರ್. 8 ಮಿ.ಮೀ. ದಪ್ಪದ ಸಾಧಾರಣ ಗಟ್ಟಿ ಬೋಲ್ಟಿಗೆ ಹೇಳಿರುವ ಬಿಗಿತವೂ ಹೆಚ್ಚುಕಡಿಮೆ ಅಷ್ಟೇ. ಸ್ಪ್ಯಾನರ್ ಮಾಡಿದವರು ಉದ್ದವನ್ನು ಸುಮ್ಮನೆ ಇಟ್ಟಿಲ್ಲ, ಅದು ಕೈಗೆ ಹಾಕಿದ ಕಡಿವಾಣ. ಈಗ ಅದಕ್ಕೆ ಪೈಪ್ ಸಿಕ್ಕಿಸಿ 60 ಸೆಂ.ಮೀ. ಮಾಡಿ, ಅದೇ 15 ಕಿಲೋ ಬಲದಿಂದ ಎಳೆಯಿರಿ. 88 ನ್ಯೂಟನ್ ಮೀಟರ್ ಆಯಿತು. ಹೊಸ ಸ್ಟಡ್ಡೇ ಅದರ ಅರ್ಧಕ್ಕೆ ತಿರುಚಿಕೊಳ್ಳುತ್ತದೆ. ಹದಿಮೂರು ವರ್ಷ ಕಾದು ಸವೆದದ್ದರ ಗತಿ ಏನು? ಪೈಪಿನ ಇನ್ನೊಂದು ಕೇಡು ಎಂದರೆ ಅದು ಕೈಯ ಅರಿವನ್ನು ಕಿತ್ತುಕೊಳ್ಳುತ್ತದೆ. ನಟ್ಟು ಏನು ಹೇಳುತ್ತಿದೆ ಎಂಬುದು ಅಷ್ಟು ದೂರಕ್ಕೆ ಕೇಳಿಸುವುದಿಲ್ಲ.

ಹಿಂಚಕ್ರದ ಆಕ್ಸಲ್ ನಟ್ಟಾದರೆ ನನ್ನ ಮಾತು ಬೇರೆ. ಅಲ್ಲಿ ಆಕ್ಸಲ್ ದಪ್ಪ, ಬಿಗಿತವೂ ಹಲವು ಪಟ್ಟು ಹೆಚ್ಚು. ಉದ್ದ ಹಿಡಿಯ ಬಾರ್ ಆಗಲಿ, ವಿದ್ಯುತ್ ಇಂಪ್ಯಾಕ್ಟ್ ರೆಂಚ್ ಆಗಲಿ ಬಳಸಬಹುದು. ಎಳೆಯುವಾಗ ಆಕ್ಸಲಿನ ಇನ್ನೊಂದು ತುದಿಯನ್ನು ಹಿಡಿದುಕೊಳ್ಳಬೇಕು, ಬೈಕ್ ಸ್ಟ್ಯಾಂಡಿನಿಂದ ಉರುಳದಂತೆ ಒಬ್ಬರು ಆನಿಸಿ ನಿಲ್ಲಬೇಕು, ಅಷ್ಟೇ. ಆ ಧೈರ್ಯವನ್ನು 6 ಅಥವಾ 8 ಮಿ.ಮೀ. ಸ್ಟಡ್ಡಿನ ಮುಂದೆ ತೋರಿಸಬಾರದು.

ಇನ್ನು ಕೆಲಸಕ್ಕೆ ಬರೋಣ. ನಿಜವಾಗಿಯೂ ಕಚ್ಚಿಕೊಂಡಿದೆಯೇ ಎಂದು ಒಮ್ಮೆ ಖಚಿತಪಡಿಸಿಕೊಳ್ಳಿ. ಬೈಕಿನ ಕೆಳಗೆ ಬಾಗಿ ಕೂತು ನೋಡುವಾಗ ದಿಕ್ಕು ತಪ್ಪುವುದು ಬಹಳ ಸುಲಭ. ನಟ್ಟಿಗೆ ಎದುರಾಗಿ ನಿಂತು ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಅನುಮಾನವಿದ್ದರೆ, ಬಿಚ್ಚಿಬಂದ ಮೊದಲ ನಟ್ಟನ್ನೇ ಅದರ ಸ್ಟಡ್ಡಿಗೆ ಹಾಕಿ ತಿರುಗಿಸಿ ನೋಡಿ. ಬೇರೆ ಜಾಗಗಳಲ್ಲಿಯಾದರೆ ಎಡಮುರಿ ಥ್ರೆಡ್ ಇರಬಹುದು, ಕೆಲವು ಬೈಕುಗಳ ಬಲಗಡೆಯ ಕನ್ನಡಿಗೆ ಇರುವಂತೆ. ನಟ್ಟಿನ ಹಿಂದೆ ಮಡಚಿದ ಲಾಕ್ ವಾಷರ್ ಇರಬಹುದು, ಸ್ಪ್ಲಿಟ್ ಪಿನ್ ಇರಬಹುದು. ನೈಲಾನ್ ಉಂಗುರವಿರುವ ನಟ್ಟು ಕೊನೆಯ ಸುತ್ತಿನವರೆಗೂ ಬಿಗಿಯಾಗಿಯೇ ಬರುತ್ತದೆ, ಅದನ್ನು ಜಾಮ್ ಎಂದುಕೊಳ್ಳಬಾರದು. ನಿಮ್ಮ ನಟ್ಟಿನ ವಿಷಯದಲ್ಲಿ ಇವು ಯಾವುವೂ ಇರಲಾರವು. ಆದರೂ ಒಂದು ನಿಮಿಷ ಟಾರ್ಚ್ ಹಿಡಿದು ನೋಡುವುದರಲ್ಲಿ ನಷ್ಟವಿಲ್ಲ.

ಎಂಜಿನ್ ಪೂರ್ತಿ ಆರಿದ ಮೇಲೆ, ನಟ್ಟಿನಿಂದ ಹೊರಗೆ ಚಾಚಿರುವ ಸ್ಟಡ್ಡಿನ ಥ್ರೆಡ್ಡುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಒಳಗಿನ ತುಕ್ಕು ಬಿಟ್ಟುಕೊಟ್ಟರೂ, ನಟ್ಟು ಹೊರಗೆ ಬರುವ ದಾರಿಯಲ್ಲೇ ಹಕ್ಕಳೆಗಟ್ಟಿದ ತುಕ್ಕು ಕೂತಿದ್ದರೆ ಅದರ ಮೇಲೆ ಏರಿ ಮತ್ತೆ ಸಿಕ್ಕಿಕೊಳ್ಳುತ್ತದೆ. ಲೋಹದ ಹೊಳಪು ಕಾಣುವವರೆಗೆ ಉಜ್ಜಿ, ಪುಡಿಯನ್ನು ಊದಿ ತೆಗೆಯಿರಿ. ಕಣ್ಣಿಗೆ ಕನ್ನಡಕ ಇರಲಿ, ಇಲ್ಲಿಂದ ಮುಂದಿನ ಪ್ರತಿಯೊಂದು ಹಂತಕ್ಕೂ.

ಈಗ ಎಣ್ಣೆ. ಡಬ್ಲ್ಯೂಡಿ-40 ಅನ್ನು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ರೂಪಿಸಿದ್ದು ತೇವವನ್ನು ಹೊರದೂಡಿ ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುವುದಕ್ಕಾಗಿ. ಹೆಸರಿನ ಅರ್ಥವೂ ಅದೇ, ನೀರನ್ನು ದೂಡುವ ಮಿಶ್ರಣದ ನಲವತ್ತನೆಯ ಪ್ರಯತ್ನ. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ಅದನ್ನು ಬಳಿಯುತ್ತಿದ್ದರು. ಆ ಕೆಲಸಕ್ಕೆ ಅದು ಒಳ್ಳೆಯದು. ಥ್ರೆಡ್ಡಿನ ಆಳಕ್ಕೆ ಇಳಿಯುವ ಕೆಲಸಕ್ಕೆ ಬೇರೆಯೇ ಎಣ್ಣೆ ಇದೆ, ಪೆನೆಟ್ರೇಟಿಂಗ್ ಆಯಿಲ್ ಎಂದೇ ಸಿಗುತ್ತದೆ. ಡಬ್ಲ್ಯೂಡಿ-40 ತಯಾರಕರೇ ಅಂಥದೊಂದನ್ನು ಪ್ರತ್ಯೇಕವಾಗಿ ಮಾರುತ್ತಾರೆ. ಏನೂ ಸಿಗದಿದ್ದರೆ ಸೀಮೆಎಣ್ಣೆಯೂ ತಕ್ಕಮಟ್ಟಿಗೆ ಇಳಿಯುತ್ತದೆ. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನು ಸಮಪಾಲು ಬೆರೆಸಿ ಬಳಸುವವರಿದ್ದಾರೆ. ಕೆಲಸ ಮಾಡುತ್ತದೆ ನಿಜ, ಆದರೆ ಅಸಿಟೋನ್ ಬಣ್ಣವನ್ನು, ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಕಿಡಿ ಕಂಡರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಬೆಂಕಿಯ ಯೋಚನೆ ತಲೆಯಲ್ಲಿರುವಾಗ ಅದನ್ನು ಹತ್ತಿರ ಸೇರಿಸಬೇಡಿ.

ಎಣ್ಣೆಗೆ ಬೇಕಾದದ್ದು ಹೊತ್ತು. ಅರ್ಧ ಗಂಟೆ ಸಾಲದು. ಸಂಜೆ ಒಮ್ಮೆ ಹಾಕಿ, ಮಲಗುವ ಮುನ್ನ ಇನ್ನೊಮ್ಮೆ, ಬೆಳಗ್ಗೆ ಮತ್ತೊಮ್ಮೆ. ಧಾರಾಳವಾಗಿ ಸಿಂಪಡಿಸಿ ನೆಲವನ್ನೆಲ್ಲ ಒದ್ದೆ ಮಾಡುವುದಕ್ಕಿಂತ, ನಟ್ಟು ಮತ್ತು ಸ್ಟಡ್ ಸೇರುವ ಗೆರೆಯ ಮೇಲೆ ನಾಲ್ಕು ಹನಿ ಬಿಟ್ಟು ಅದು ಇಂಗುವುದನ್ನು ನೋಡಿ. ನಟ್ಟಿನ ಹಿಂಬದಿಗೆ, ಫ್ಲ್ಯಾಂಜಿಗೆ (ನಟ್ಟು ಒತ್ತಿಹಿಡಿಯುವ ಬೆಂಡ್ ಪೈಪಿನ ಚಪ್ಪಟೆ ಅಂಚಿಗೆ) ತಾಗುವ ಕಡೆಗೂ ಎರಡು ಹನಿ. ಎಣ್ಣೆ ಒಳಗಿಳಿಯುವುದು ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ, ಸಂದಿಯೇ ಅದನ್ನು ಎಳೆದುಕೊಳ್ಳುತ್ತದೆ. ಸಂದಿ ಎಲ್ಲಿ ಮುಚ್ಚಿಹೋಗಿದೆಯೋ ಅಲ್ಲಿ ಅದು ನಿಲ್ಲುತ್ತದೆ.

ಅದಕ್ಕೇ ಸುತ್ತಿಗೆ ಬೇಕು. ಬಡಿಯುವುದಕ್ಕಲ್ಲ, ತಟ್ಟುವುದಕ್ಕೆ. ಸಣ್ಣ ಸುತ್ತಿಗೆಯಿಂದ ನಟ್ಟಿನ ಆರೂ ಮುಖಗಳಿಗೆ ಒಂದಾದ ಮೇಲೊಂದರಂತೆ ಚುರುಕಾದ, ಹಗುರಾದ ಏಟು ಹಾಕುತ್ತ ಹೋಗಿ. ಜಾಗ ಇಕ್ಕಟ್ಟಾದರೆ ಹಿತ್ತಾಳೆಯ ಕಡ್ಡಿಯನ್ನು ಮುಖಕ್ಕೆ ಆನಿಸಿ ಅದರ ಮೇಲೆ ತಟ್ಟಿ. ತುಕ್ಕು ಮೆತ್ತನೆಯ ವಸ್ತುವಲ್ಲ, ಪೆಡಸು. ಪ್ರತಿ ಏಟಿಗೂ ಅದರಲ್ಲಿ ಕೂದಲಿನಂಥ ಬಿರುಕು ಬೀಳುತ್ತದೆ, ಆ ಬಿರುಕಿಗೆ ಎಣ್ಣೆ ಇಳಿಯುತ್ತದೆ. ಸ್ಟಡ್ಡಿನ ತುದಿಗೆ ಮಾತ್ರ ನೇರವಾಗಿ ಹೊಡೆಯಬೇಡಿ, ಥ್ರೆಡ್ ಅಣಬೆಯಂತೆ ಅರಳಿಬಿಟ್ಟರೆ ನಟ್ಟು ಸಡಿಲವಾದರೂ ಹೊರಗೆ ಬರುವುದಿಲ್ಲ. ಅಲ್ಯೂಮಿನಿಯಂ ಹೆಡ್ಡಿನ ರೆಕ್ಕೆಗಳಿಗೂ ಸುತ್ತಿಗೆ ತಾಗಬಾರದು, ಅವು ಬಿಸ್ಕತ್ತಿನಂತೆ ಮುರಿಯುತ್ತವೆ. ಎಣ್ಣೆ, ಹತ್ತಿಪ್ಪತ್ತು ಏಟು, ಮತ್ತೆ ಎಣ್ಣೆ, ಕಾಯುವುದು. ಇದಿಷ್ಟನ್ನೇ ಮೂರು ನಾಲ್ಕು ಸುತ್ತು ಮಾಡಿದವರಿಗೆ ಬೆಂಕಿಯ ಅಗತ್ಯವೇ ಬೀಳದೆ ನಟ್ಟು ಬಂದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಮರುದಿನ ತಿರುಗಿಸಲು ಕೂರುವಾಗ ಉಪಕರಣ ಬದಲಾಗಿರಬೇಕು. ಬಾಯಿ ತೆರೆದ ಸ್ಪ್ಯಾನರ್ ನಟ್ಟಿನ ಎರಡೇ ಮುಖಗಳನ್ನು ಹಿಡಿಯುತ್ತದೆ, ಬಲ ಹೆಚ್ಚಾದರೆ ಅದರ ಬಾಯಿ ಅಗಲಿಸಿ ಜಾರುತ್ತದೆ. ಹನ್ನೆರಡು ಮೂಲೆಯ ರಿಂಗ್ ಅಥವಾ ಸಾಕೆಟ್ ಅದಕ್ಕಿಂತ ಮೇಲು. ಆದರೆ ನಿಮಗೆ ಬೇಕಾದದ್ದು ಆರು ಮೂಲೆಯ ಸಾಕೆಟ್. ಅದು ನಟ್ಟಿನ ಆರೂ ಕಡೆ ಅಗಲವಾಗಿ ಕೂರುತ್ತದೆ, ಮೂಲೆಗೆ ಬೀಳುವ ಒತ್ತಡ ಕಡಿಮೆ. ನಿಮ್ಮ ನಟ್ಟಿನ ಮೂಲೆಗಳು ಈಗಾಗಲೇ ಸವೆದಿರುವುದರಿಂದ ಅಳತೆಯ ಸಾಕೆಟ್ ಕೂಡ ಸಡಿಲವೆನಿಸಬಹುದು. 13 ಮಿ.ಮೀ. ನಟ್ಟಾದರೆ ಅರ್ಧ ಇಂಚಿನ ಸಾಕೆಟ್ ಹುಡುಕಿ. ಅರ್ಧ ಇಂಚು ಎಂದರೆ 12.7 ಮಿ.ಮೀ. ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿದರೆ ಸವೆದ ನಟ್ಟನ್ನು ಗಬಕ್ಕನೆ ಹಿಡಿಯುತ್ತದೆ. ಒಳಗೆ ಸುರುಳಿ ಹಲ್ಲುಗಳಿರುವ, ಸವೆದ ನಟ್ಟಿಗೆಂದೇ ಮಾಡಿದ ಸಾಕೆಟ್ ಸಿಕ್ಕರೆ ಇನ್ನೂ ಒಳ್ಳೆಯದು. ಲಾಕಿಂಗ್ ಪ್ಲೈಯರ್ ಕೊನೆಯ ಸಾಲಿನಲ್ಲಿರಲಿ, ಅದು ಹಿಡಿದು ಜಾರಿದರೆ ಉಳಿದಿರುವ ಮೂಲೆಗಳೂ ಹೋಗುತ್ತವೆ.

ಸಾಕೆಟ್ ನಟ್ಟಿನ ಬುಡದವರೆಗೂ ಇಳಿದಿದೆಯೇ ನೋಡಿ. ಹಿಡಿಯನ್ನು ಒಂದು ಕೈಯಿಂದ ಎಳೆಯುತ್ತ, ಇನ್ನೊಂದು ಕೈಯಿಂದ ಸಾಕೆಟ್ಟಿನ ತಲೆಯನ್ನು ನಟ್ಟಿನ ಕಡೆಗೆ ಒತ್ತಿಹಿಡಿಯಿರಿ. ನೂಕುವುದಕ್ಕಿಂತ ನಿಮ್ಮ ಕಡೆಗೆ ಎಳೆಯುವುದು ಲೇಸು. ನೂಕಲೇಬೇಕಾದರೆ ಮುಷ್ಟಿ ಕಟ್ಟದೆ ಅಂಗೈ ತೆರೆದು ನೂಕಿ, ಜಾರಿದರೆ ಗೆಣ್ಣುಗಳು ಎಂಜಿನ್ನಿಗೆ ಬಡಿಯುವುದಿಲ್ಲ.

ಮೊದಲ ತಿರುವು ಬಿಗಿಯುವ ಕಡೆಗೆ ಇರಲಿ. ಕೇಳಲು ವಿಚಿತ್ರವೆನಿಸಬಹುದು. ಕೂದಲೆಳೆಯಷ್ಟು ಬಿಗಿದರೆ ಸಾಕು. ನಟ್ಟು ಯಾವ ದಿಕ್ಕಿಗೆ ಅಲುಗಿದರೂ ತುಕ್ಕಿನ ಹಿಡಿತ ಒಡೆದಂತೆಯೇ, ಮತ್ತು ಬಿಗಿಯುವ ಕಡೆಗೆ ಅದು ಕೆಲವು ಸಲ ಬೇಗ ಒಪ್ಪುತ್ತದೆ. ಆಮೇಲೆ ಬಿಚ್ಚುವ ಕಡೆಗೆ ಎಳೆಯಿರಿ.

ಇಲ್ಲಿಂದ ಮುಂದೆ ಎಲ್ಲವೂ ನಿಮ್ಮ ಬೆರಳ ತುದಿಯಲ್ಲಿದೆ. ಅದನ್ನು ಬಿಡಿಸಿ ಹೇಳಬೇಕು. ಮೊದಲು ನಟ್ಟಿನ ಮುಖದಿಂದ ಸ್ಟಡ್ಡಿನ ತುದಿಯವರೆಗೆ ಬಿಳಿ ಬಣ್ಣದಿಂದ ಒಂದು ಗೆರೆ ಎಳೆಯಿರಿ, ಫ್ಲ್ಯಾಂಜಿನ ಮೇಲೂ ಅದೇ ನೇರಕ್ಕೆ ಒಂದು ಗುರುತು. ಹಿಡಿ ಎಳೆದಾಗ ಮೂರರಲ್ಲಿ ಒಂದು ಆಗುತ್ತದೆ. 'ಟಕ್' ಎಂಬ ಒಣ ಸದ್ದಿನೊಂದಿಗೆ ನಟ್ಟು ತಟ್ಟನೆ ಸ್ವಲ್ಪ ಸರಿದು, ಕೈಗೆ ಮತ್ತೆ ಗಟ್ಟಿ ಹಿಡಿತ ಸಿಕ್ಕಿದರೆ ಅದು ಶುಭ ಸುದ್ದಿ, ತುಕ್ಕು ಒಡೆದಿದೆ. ಸಾಕೆಟ್ ಬಿಡಿಸಿ ನೋಡಿ, ನಟ್ಟಿನ ಮೇಲಿನ ಗೆರೆ ಸರಿದಿರುತ್ತದೆ, ಸ್ಟಡ್ಡಿನದು ಅಲ್ಲೇ ಇರುತ್ತದೆ. ಎರಡನೆಯದು, ನಟ್ಟು ಮತ್ತು ಸ್ಟಡ್ಡಿನ ಗೆರೆಗಳು ಒಂದಾಗಿಯೇ ಸರಿದು, ಎಳೆದಷ್ಟೂ ಸಮನಾದ ಬಿಗುವಿನಲ್ಲಿ ತಿರುಗುತ್ತಿದ್ದರೆ ಸ್ಟಡ್ಡೇ ಹೆಡ್ಡಿನಿಂದ ಹೊರಗೆ ಬರುತ್ತಿದೆ. ಗಾಬರಿಯಾಗಬೇಡಿ, ಬರಲಿ. ಎರಡನ್ನೂ ಮೇಜಿನ ಮೇಲೆ ಬೇರೆ ಮಾಡಬಹುದು ಅಥವಾ ಹೊಸ ಸ್ಟಡ್ ಹಾಕಬಹುದು.

ಮೂರನೆಯದಕ್ಕೆ ಎಚ್ಚರವಾಗಿರಬೇಕು. ಹಿಡಿ ಸರಿಯುತ್ತದೆ, ಆದರೆ ಯಾವ ಸದ್ದೂ ಇಲ್ಲ. ಒದ್ದೆ ಮಣ್ಣಿನಲ್ಲಿ ಕೋಲು ತಿರುಗಿಸಿದ ಹಾಗೆ ಮೆತ್ತಗೆ, ಎಳೆದಷ್ಟೂ ಬರುತ್ತದೆ, ಬಿಗು ಹೆಚ್ಚುವುದಿಲ್ಲ. ಕೈ ಸಡಿಲಿಸಿದರೆ ಹಿಡಿ ತುಸು ಹಿಂದಕ್ಕೆ ಬರುತ್ತದೆ, ಆದರೆ ಮೊದಲಿದ್ದ ಜಾಗಕ್ಕಲ್ಲ. ಅದು ಸ್ಟಡ್ ತಿರುಚಿಕೊಳ್ಳುತ್ತಿರುವ ಲಕ್ಷಣ. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಇದೇ ಮೆತ್ತನೆಯ ಚಲನೆಯನ್ನು ನಟ್ಟು ಸಡಿಲವಾಯಿತೆಂದು ಭಾವಿಸಿ, ಸಂತೋಷದಿಂದ ಇನ್ನು ಕಾಲು ಸುತ್ತು ಎಳೆದೆ. ಸದ್ದೇ ಆಗಲಿಲ್ಲ. ನಟ್ಟು ತನ್ನೊಳಗೆ ಸ್ಟಡ್ಡಿನ ತುಂಡನ್ನು ಕಚ್ಚಿಕೊಂಡು ಸಾಕೆಟ್ಟಿನಲ್ಲೇ ಉಳಿಯಿತು, ಹೆಡ್ಡಿನ ಮಟ್ಟಕ್ಕೆ ಸರಿಯಾಗಿ ಬೂದುಬಣ್ಣದ ಮುರಿದ ಮುಖವೊಂದು ನನ್ನನ್ನು ನೋಡುತ್ತಿತ್ತು. ಆ ತುಂಡನ್ನು ತೆಗೆಯಲು ಎರಡು ದಿನ ಹಿಡಿಯಿತು. ಅಂದಿನಿಂದ ಆ ಮೆತ್ತನೆಯ ಅನುಭವ ಕೈಗೆ ಬಂದ ಕೂಡಲೇ ನಾನು ಹಿಡಿ ಬಿಟ್ಟುಬಿಡುತ್ತೇನೆ. ನೀವೂ ಬಿಡಿ.

ಒಳ್ಳೆಯ 'ಟಕ್' ಕೇಳಿದ ಮೇಲೂ ಒಂದೇ ಉಸಿರಿಗೆ ಬಿಚ್ಚಲು ಹೋಗಬೇಡಿ. ಎಂಟನೆಯ ಒಂದು ಸುತ್ತು ಬಿಚ್ಚಿ, ಅದರ ಅರ್ಧದಷ್ಟು ಹಿಂದಕ್ಕೆ ಬಿಗಿಯಿರಿ. ಎಣ್ಣೆ ಹಾಕಿ. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಒಡೆದ ತುಕ್ಕಿನ ಪುಡಿ ಥ್ರೆಡ್ಡುಗಳ ನಡುವೆಯೇ ಇರುತ್ತದೆ. ಒಂದೇ ದಿಕ್ಕಿಗೆ ತಿರುಗಿಸಿದರೆ ಅದು ಮುಂದೆ ಮುಂದೆ ಗುಡ್ಡೆಯಾಗಿ ನಟ್ಟನ್ನು ಮತ್ತೆ ಹಿಡಿಯುತ್ತದೆ. ಹಿಂದೆ ಮುಂದೆ ಆಡಿಸಿದರೆ ಎಣ್ಣೆಯೊಂದಿಗೆ ಕಂದು ರಸವಾಗಿ ಹೊರಗೆ ಹರಿಯುತ್ತದೆ. ಆ ಕಂದು ರಸ ಕಾಣಿಸಿತೆಂದರೆ ನಟ್ಟು ಬಂದಂತೆಯೇ.

ಸ್ಟೇನ್‌ಲೆಸ್ ಸ್ಟೀಲ್ ನಟ್ಟು ಬೋಲ್ಟುಗಳ ಸ್ವಭಾವ ಇದಕ್ಕಿಂತ ಬೇರೆ. ಅವು ತುಕ್ಕಿಲ್ಲದೆಯೂ ಕಚ್ಚಿಕೊಳ್ಳುತ್ತವೆ. ಒಣಗಿದ ಥ್ರೆಡ್ಡುಗಳು ಒತ್ತಡದಲ್ಲಿ ಉಜ್ಜಿದಾಗ ಮೇಲ್ಪದರ ಹರಿದು ಲೋಹಕ್ಕೆ ಲೋಹ ಅಂಟಿಕೊಳ್ಳುತ್ತದೆ. ಅಲ್ಲಿ ವೇಗವಾಗಿ ತಿರುಗಿಸಿದಷ್ಟೂ ಹೆಚ್ಚು ಅಂಟುತ್ತದೆ. ಹಳೆಯ ಬೈಕಿಗೆ ಹೊಳೆಯುವ ಸ್ಟೇನ್‌ಲೆಸ್ ನಟ್ಟು ಹಾಕುವ ಆಸೆಯಿರುವವರು ಇದನ್ನು ನೆನಪಿಟ್ಟುಕೊಳ್ಳಿ.

ಎರಡು ದಿನ ಎಣ್ಣೆ, ತಟ್ಟುವಿಕೆ ಆದ ಮೇಲೂ ಬರದಿದ್ದರೆ, ಆಗ ನಿಮ್ಮ ಎರಡನೆಯ ಗೆಳೆಯನ ಮಾತಿಗೆ ಬರೋಣ. ಶಾಖ ನಿಜವಾಗಿಯೂ ಕೆಲಸ ಮಾಡುತ್ತದೆ. 8 ಮಿ.ಮೀ. ಉಕ್ಕಿನ ನಟ್ಟನ್ನು 200 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾಯಿಸಿದರೆ ಅದರ ರಂಧ್ರ ಸುಮಾರು 0.02 ಮಿ.ಮೀ. ಹಿಗ್ಗುತ್ತದೆ. ಇಷ್ಟೇನಾ ಎನ್ನಬೇಡಿ. ತುಕ್ಕಿನ ಬೆಣೆ ಬಿರುಕು ಬಿಡಲು ಅಷ್ಟು ಸಾಕು. ಆದರೆ ಗುಟ್ಟು ಇರುವುದು ನಟ್ಟು ಕಾಯಬೇಕು, ಸ್ಟಡ್ ತಣ್ಣಗಿರಬೇಕು ಎಂಬಲ್ಲಿ. ಎರಡೂ ಸಮವಾಗಿ ಕಾದರೆ ಎರಡೂ ಸಮವಾಗಿ ಹಿಗ್ಗುತ್ತವೆ, ಲಾಭ ಶೂನ್ಯ. ಆದ್ದರಿಂದ ನಟ್ಟಿನ ಮುಖಕ್ಕೇ ಗುರಿಯಿಟ್ಟು ಬೇಗ ಕಾಯಿಸಿ, ಬೇಗ ನಿಲ್ಲಿಸಬೇಕು.

ಇದನ್ನು ಮಾಡುವ ಮೊದಲು ಪೆಟ್ರೋಲ್ ಟ್ಯಾಂಕನ್ನು ಬೈಕಿನಿಂದ ಬಿಚ್ಚಿ ಬೇರೆ ಜಾಗಕ್ಕೆ ಒಯ್ಯಿರಿ. ನಲ್ಲಿ ಮುಚ್ಚಿದ್ದೇನೆ ಎಂಬುದು ಸಾಲದು. ಸಿಂಪಡಿಸಿದ ಎಣ್ಣೆಯನ್ನೆಲ್ಲ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನೂ ದೂರ ಹಾಕಿ. ಎಣ್ಣೆ ಕಳೆಯಲು ಬ್ರೇಕ್ ಕ್ಲೀನರನ್ನು ಬಳಸಲೇಬೇಡಿ. ಕ್ಲೋರಿನ್ ಇರುವ ಬಗೆಯದು ಕಾದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ, ಉಳಿದ ಬಗೆಗಳು ಪೆಟ್ರೋಲಿನಂತೆಯೇ ಹೊತ್ತಿಕೊಳ್ಳುತ್ತವೆ. ಕೆಲಸ ಬಯಲಿನಲ್ಲಿರಲಿ, ಕೈಗೆಟುಕುವಲ್ಲಿ ಬೆಂಕಿ ಆರಿಸುವ ಸಾಧನವಿರಲಿ. ಬೆಂಕಿಗಿಂತ ಬಿಸಿಗಾಳಿಯ ಹೀಟ್ ಗನ್ ನನ್ನ ಆಯ್ಕೆ. ತಂತಿ ಸುರುಳಿಯ ಇಂಡಕ್ಷನ್ ಹೀಟರ್ ಸಿಕ್ಕರೆ ಅದಕ್ಕಿಂತ ಉತ್ತಮವಾದದ್ದಿಲ್ಲ, ಜ್ವಾಲೆಯೇ ಇಲ್ಲದೆ ನಟ್ಟನ್ನಷ್ಟೇ ಕಾಯಿಸುತ್ತದೆ. ಗ್ಯಾಸ್ ಟಾರ್ಚ್ ಒಂದೇ ಇರುವುದಾದರೆ ಸಣ್ಣ ಮೊನಚಾದ ಜ್ವಾಲೆ ಇಟ್ಟುಕೊಳ್ಳಿ.

ಅಲ್ಯೂಮಿನಿಯಂ ಬಗ್ಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಉಕ್ಕು ಕಾದರೆ ಕೆಂಪಾಗಿ ನಮಗೆ ಸೂಚನೆ ಕೊಡುತ್ತದೆ. ಅಲ್ಯೂಮಿನಿಯಂ ಕೊಡುವುದಿಲ್ಲ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಎರಕದ ಮಿಶ್ರಲೋಹ ಅದಕ್ಕೂ ಮೊದಲೇ. ಕಣ್ಣಿಗೆ ಬಣ್ಣ ಬದಲಾಗದೆಯೇ ಅದು ಕುಸಿದುಬಿಡುತ್ತದೆ. ಆದ್ದರಿಂದ ಜ್ವಾಲೆ ಹೆಡ್ಡಿನ ಕಡೆ ತಿರುಗಬಾರದು. ನಟ್ಟು ಕೆಂಪಾಗುವವರೆಗೆ ಕಾಯುವ ಅಗತ್ಯವೂ ಇಲ್ಲ. ಕೆಂಪಾದ ಉಕ್ಕು ತನ್ನ ಗಡಸುತನ ಕಳೆದುಕೊಂಡಿರುತ್ತದೆ, ಅಂಥ ನಟ್ಟನ್ನಾಗಲಿ ಸ್ಟಡ್ಡನ್ನಾಗಲಿ ಮತ್ತೆ ಬಳಸಬಾರದು.

ನಟ್ಟು ಕಾದ ಮೇಲೆ ಜ್ವಾಲೆಯನ್ನು ಪೂರ್ತಿ ಆರಿಸಿ, ಸಾಧಾರಣ ಮೇಣದ ಬತ್ತಿಯ ತುದಿಯನ್ನು ನಟ್ಟು ಮತ್ತು ಸ್ಟಡ್ ಸೇರುವ ಗೆರೆಗೆ ಮುಟ್ಟಿಸಿ. ಮೇಣ ಕರಗಿ, ನೀರಿನಂತೆ ತೆಳುವಾಗಿ, ಸಂದಿಯೊಳಗೆ ಸರ್ರನೆ ಮಾಯವಾಗುತ್ತದೆ. ಕಣ್ಣಾರೆ ನೋಡಿದರೆ ಮಾತ್ರ ಅದು ಎಷ್ಟು ಚೆನ್ನಾಗಿ ಇಂಗುತ್ತದೆ ಎಂದು ಗೊತ್ತಾಗುವುದು. ಹಳೆಯ ಕೆಲಸಗಾರರ ಈ ಉಪಾಯ ನನಗೆ ಎಣ್ಣೆಯಷ್ಟೇ, ಕೆಲವೊಮ್ಮೆ ಎಣ್ಣೆಗಿಂತ ಹೆಚ್ಚು ಒದಗಿದೆ. ಮೇಣ ಇಳಿದ ಕೂಡಲೇ ಸಾಕೆಟ್ ಹಾಕಿ ಹಿಂದೆ ಮುಂದೆ ಆಡಿಸಿ. ಬರದಿದ್ದರೆ ತಣಿಯಲು ಬಿಟ್ಟು ಮತ್ತೆ ಕಾಯಿಸಿ. ಕಾಯುವುದು ಆರುವುದು ನಡೆದಷ್ಟೂ ತುಕ್ಕು ಸಡಿಲವಾಗುತ್ತದೆ.

ಮೂರು ಸಲ ಕಾಯಿಸಿದರೂ ಜಗ್ಗದಿದ್ದರೆ ನಟ್ಟನ್ನು ಕತ್ತರಿಸಿ. ಇದು ಸೋಲಲ್ಲ, ಸ್ಟಡ್ಡನ್ನು ಉಳಿಸುವ ಅತ್ಯಂತ ಖಚಿತವಾದ ದಾರಿ ಇದೇ. ಸುತ್ತ ಜಾಗವಿದ್ದರೆ ನಟ್ ಸ್ಪ್ಲಿಟರ್ ಎಂಬ ಸಾಧನ ಬಳಸಬಹುದು. ಸೈಲೆನ್ಸರಿನ ಹತ್ತಿರ ಸಾಮಾನ್ಯವಾಗಿ ಜಾಗ ಇರುವುದಿಲ್ಲ, ಸಣ್ಣ ಬಿಲ್ಲೆಯ ರೋಟರಿ ಕಟ್ಟರ್ ಅಥವಾ ಹ್ಯಾಕ್ಸಾ ಬ್ಲೇಡಿನ ತುಂಡು ಬೇಕಾಗುತ್ತದೆ. ನಟ್ಟಿನ ಒಂದು ಮುಖದ ಮೇಲೆ, ಸ್ಟಡ್ಡಿಗೆ ಸಮಾನಾಂತರವಾಗಿ ಸೀಳುತ್ತ ಬನ್ನಿ. ಥ್ರೆಡ್ಡಿನ ತುದಿಗಳು ಕಾಣುವ ಮೊದಲೇ, ಕಾಗದದಷ್ಟು ಲೋಹ ಉಳಿದಿರುವಾಗ ನಿಲ್ಲಿಸಿ. ಆ ಸೀಳಿಗೆ ಉಳಿಯ ಬಾಯಿಯಿಟ್ಟು ಒಂದು ಏಟು ಹಾಕಿ, ತುಸು ತಿರುಚಿದರೆ ನಟ್ಟು ಬಿರಿದು ಬಾಯಿ ಬಿಡುತ್ತದೆ. ಆಮೇಲೆ ಬೆರಳಲ್ಲೇ ಬಂದರೂ ಬಂದೀತು. ಹೆಡ್ಡಿನ ಮೇಲೆ ದಪ್ಪ ಬಟ್ಟೆಯನ್ನೋ ತಗಡನ್ನೋ ಹೊದಿಸಿರಿ, ಎಕ್ಸಾಸ್ಟ್ ರಂಧ್ರದೊಳಗೆ ಲೋಹದ ಚೂರು ಬೀಳದಂತೆ ಪೈಪ್ ಇನ್ನೂ ಅಲ್ಲೇ ಇರುವುದು ಒಳ್ಳೆಯದೇ ಆಯಿತು. ಕಿಡಿ ಹಾರುವ ಕೆಲಸವಾದ್ದರಿಂದ ಟ್ಯಾಂಕ್ ದೂರವೇ ಇರಲಿ.

ಇಷ್ಟರ ನಡುವೆ ಸ್ಟಡ್ ಮುರಿದೇಹೋದರೆ? ಅರ್ಧ ಇಂಚಿನಷ್ಟು ಹೊರಗಿದ್ದರೆ ಲಾಕಿಂಗ್ ಪ್ಲೈಯರಿನಿಂದ ಹಿಡಿದು, ಈ ಬಾರಿ ಅದರ ಸುತ್ತಲಿನ ಅಲ್ಯೂಮಿನಿಯಂ ಅನ್ನು ಬಿಸಿಗಾಳಿಯಿಂದ ಹದವಾಗಿ ಕಾಯಿಸಿ ತಿರುಗಿಸಿ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಹಿಡಿತ ಸಡಿಲುತ್ತದೆ. ಹೆಡ್ಡಿನ ಮಟ್ಟಕ್ಕೆ ಮುರಿದಿದ್ದರೆ ದಯವಿಟ್ಟು ಮನೆಯಲ್ಲಿ ಡ್ರಿಲ್ ಹಿಡಿಯಬೇಡಿ. ಡ್ರಿಲ್ ಗಟ್ಟಿ ಉಕ್ಕನ್ನು ಬಿಟ್ಟು ಮೆತ್ತನೆಯ ಅಲ್ಯೂಮಿನಿಯಂ ಕಡೆಗೇ ಜಾರುತ್ತದೆ. ತುಂಡು ತೆಗೆಯುವ ಎಕ್ಸ್‌ಟ್ರಾಕ್ಟರ್ ಬಹಳ ಗಡಸು, ಅಷ್ಟೇ ಪೆಡಸು. ಅದು ಒಳಗೆ ಮುರಿದರೆ ಸಾಧಾರಣ ಡ್ರಿಲ್ಲಿಗೆ ಬಗ್ಗುವುದೇ ಇಲ್ಲ. ಮುರಿದ ಸ್ಟಡ್ಡಿನ ಮೇಲೆ ಹೊಸ ನಟ್ಟನ್ನಿಟ್ಟು ಬೆಸುಗೆ ಹಾಕಿ, ಆ ಬಿಸಿಯಲ್ಲೇ ತಿರುಗಿಸಿ ತೆಗೆಯುವ ನುರಿತ ಬೆಸುಗೆಗಾರರಿರುತ್ತಾರೆ. ಅವರ ಬಳಿಗೆ ಒಯ್ಯಿರಿ. ಥ್ರೆಡ್ ಹಾಳಾಗಿದ್ದರೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ಡಾಗಿ ಕೂರುವ ತಂತಿ ಸುರುಳಿ, ಕೂರಿಸಿ ಸರಿಪಡಿಸಬಹುದು.

ಎಲ್ಲ ಸುಸೂತ್ರವಾಗಿ ಬಿಚ್ಚಿದ ಮೇಲೆ ಮರುಜೋಡಣೆಯಲ್ಲಿ ಅವಸರ ಬೇಡ. ಸ್ಟಡ್ ನೇರವಾಗಿದೆಯೇ, ನಡುವೆ ಸೊಂಟದಂತೆ ಸಣ್ಣಗಾಗಿದೆಯೇ ನೋಡಿ. ಸಣ್ಣಗಾಗಿದ್ದರೆ ಅದು ಹಿಗ್ಗಿಹೋಗಿದೆ, ಬದಲಿಸಬೇಕು. ಎರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದು ಒಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿದರೆ ಸ್ಟಡ್ ಹೊರಗೆ ಬರುತ್ತದೆ. ನಟ್ಟುಗಳೆರಡನ್ನೂ ಹೊಸದೇ ಹಾಕಿ, ಸಿಕ್ಕರೆ ಹಿತ್ತಾಳೆಯವು. ಹಿತ್ತಾಳೆಗೆ ಕಬ್ಬಿಣದ ತುಕ್ಕು ಹಿಡಿಯುವುದಿಲ್ಲ, ಮತ್ತು ಬಲ ಮಿತಿಮೀರಿದರೆ ಸ್ಟಡ್ಡಿಗಿಂತ ಮೊದಲು ಅದೇ ಸೋಲುತ್ತದೆ. ನಟ್ಟು ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ, ತಾಮ್ರದ ಪುಡಿಯ ಆ್ಯಂಟಿ-ಸೀಜ್ ಗ್ರೀಸನ್ನು ಥ್ರೆಡ್ಡಿಗೆ ತೆಳ್ಳಗೆ ಸವರಿ. ಗ್ರೀಸ್ ಹಚ್ಚಿದ ಥ್ರೆಡ್ಡಿನಲ್ಲಿ ಘರ್ಷಣೆ ಕಡಿಮೆಯಿರುವುದರಿಂದ ಅದೇ ಬಲಕ್ಕೆ ಸ್ಟಡ್ ಹೆಚ್ಚು ಹಿಗ್ಗುತ್ತದೆ. ಕೈಪಿಡಿಯಲ್ಲಿ ಒಣ ಥ್ರೆಡ್ಡಿಗೆ ಕೊಟ್ಟ ಬಿಗಿತಕ್ಕಿಂತ ಕಾಲು ಭಾಗದಷ್ಟು ಕಡಿಮೆ ಬಿಗಿಯಿರಿ. ಎರಡೂ ನಟ್ಟುಗಳನ್ನು ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ, ಆಮೇಲೆ ಒಂದೊಂದಕ್ಕೆ ಅರ್ಧರ್ಧ ಸುತ್ತಿನಂತೆ ಬಿಗಿದರೆ ಗ್ಯಾಸ್ಕೆಟ್ ಸಮನಾಗಿ ಕೂರುತ್ತದೆ. ಮೊದಲ ಸಲ ಬೈಕ್ ಓಡಿಸಿ ಬಂದು, ಎಂಜಿನ್ ಪೂರ್ತಿ ಆರಿದ ಮೇಲೆ, ಗ್ಯಾಸ್ಕೆಟ್ ಒತ್ತಿಕೊಂಡಿರುವುದರಿಂದ ಎರಡೂ ನಟ್ಟುಗಳ ಬಿಗಿತವನ್ನು ಇನ್ನೊಮ್ಮೆ ಪರೀಕ್ಷಿಸಿ.